ಕೀಲಿಕೈ ಕೊಡುವ ಮುನ್ನ

(ಪ್ರಾಥಮಿಕ ಆರೋಗ್ಯ ಕೇಂದ್ರವೊಂದರ ಆವರಣದಲ್ಲಿ ನಡೆದ ದಂಪತಿಗಳ ಸಭೆಯಲ್ಲಿ ತಂದೆಯೊಬ್ಬರು ಮಾಡಿದ ಭಾಷಣ)



ಕುಟುಂಬ ಕಲ್ಯಾಣದ ವಿಷಯವಾಗಿ ನಿಮಗೆ ತಿಳಿಸಬೇಕಾದುದನ್ನು ವೈದ್ಯಾಧಿಕಾರಿಗಳೂ ಆರೋಗ್ಯ ಸಹಾಯಕಿಯವರೂ ಈಗಾಗಲೇ ತಿಳಿಸಿದ್ದಾರೆ. ಹೆರಿಗೆಗಳ ನಡುವೆ ಅಂತರವಿರಬೇಕು, ಬಸುರಿಗೆ ಕಬ್ಬಿಣದ ಗುಳಿಗೆ ಕೊಡಬೇಕು, ಕೂಸಿಗೆ ಕಾಲಕ್ಕೆ ಸರಿಯಾಗಿ ಚುಚ್ಚುಮದ್ದು ಹಾಕಿಸಬೇಕು ಎಂಬ ಮಾತುಗಳನ್ನು ಕೇಳಿದಿರಿ. ನಾನು ವೈದ್ಯನಲ್ಲ. ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ. ಬೆಳಿಗ್ಗೆಯೂ ಸಂಜೆಯೂ ಹಾಲು ಅಳೆದುಕೊಂಡು ಲೆಕ್ಕ ಬರೆಯುವವನು. ಹಾಗಿದ್ದರೂ ನನ್ನನ್ನು ಇಲ್ಲಿ ಮಾತನಾಡಲು ಕರೆದಿರುವುದು ನಾನು ಒಬ್ಬ ತಂದೆ ಎಂಬ ಕಾರಣದಿಂದ. ಅದರಲ್ಲಿಯೂ ತಪ್ಪು ಮಾಡಿದ ತಂದೆ ಎಂಬ ಕಾರಣದಿಂದ.

ನಮಗೆ ಇಬ್ಬರು ಮಕ್ಕಳು. ಮೊದಲನೆಯದು ಹೆಣ್ಣು, ಎರಡನೆಯದು ಗಂಡು. ಇಬ್ಬರೇ ಸಾಕೆಂದು ನಾನೂ ನನ್ನ ಪತ್ನಿಯೂ ಕೂಡಿ ನಿಶ್ಚಯಿಸಿದೆವು. ಮಗ ಹುಟ್ಟಿದಾಗ ಇದೇ ಬಗೆಯ ಆರೋಗ್ಯ ಕೇಂದ್ರದಲ್ಲಿ ತೂಕ ನೋಡಿಸಿದೆವು. ಪೋಲಿಯೋ ಹನಿ ಹಾಕುವ ಭಾನುವಾರಗಳಲ್ಲಿ ಒಂದನ್ನೂ ತಪ್ಪಿಸಲಿಲ್ಲ. ದಡಾರದ ಚುಚ್ಚುಮದ್ದು ಹಾಕಿಸಿದ ರಾತ್ರಿ ಅವನಿಗೆ ಮೈ ಕಾದಿತು. ಅವಳು ಕುಳಿತೇ ಬೆಳಗು ಮಾಡಿದಳು. ಹೀಗೆ ಹದಿನಾರು ವರ್ಷ ಕಾಪಾಡಿದ ಮಗುವಿನ ಕೈಗೆ ಒಂದು ರಾತ್ರಿ, ಒಂದು ಕ್ಷಣವೂ ಯೋಚಿಸದೆ, ನಾನು ಮೋಟಾರು ಸೈಕಲ್ಲಿನ ಕೀಲಿಕೈಯನ್ನು ಕೊಟ್ಟೆ. ಆ ಸಂಗತಿಯನ್ನೇ ಇಂದು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ.

2017ನೆಯ ಇಸವಿಯ ಡಿಸೆಂಬರು ತಿಂಗಳು. ರಾಗಿಯ ಕೊಯ್ಲು ಮುಗಿದು ಒಕ್ಕಣೆ ನಡೆದಿದ್ದ ಕಾಲ. ನಮ್ಮ ತೆಂಗಿನ ತೋಟ ಊರಿನಿಂದ ಮೂರು ಕಿಲೋಮೀಟರು ದೂರ, ಟಾರು ರಸ್ತೆಯ ಮಗ್ಗುಲಿಗೆ ಇದೆ. ಪಂಪುಸೆಟ್ಟಿಗೆ ಬೇಕಾದ ಮೂರು ಫೇಸು ವಿದ್ಯುತ್ತು ಆ ವಾರ ರಾತ್ರಿಯ ಪಾಳಿಯಲ್ಲಿ ಬರುತ್ತಿತ್ತು. ಹೊಲಗದ್ದೆ ಇರುವ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ಹತ್ತು ಗಂಟೆಗೆ ಕರೆಂಟು ಬಂದರೆ ಹತ್ತು ಗಂಟೆಗೇ ಯಾರಾದರೂ ಹೋಗಿ ಮೋಟರನ್ನು ಚಾಲೂ ಮಾಡಬೇಕು. ಮರುದಿನ ಸಂಘದಲ್ಲಿ ಬಟವಾಡೆ. ನಾನು ಲೆಕ್ಕದ ಪುಸ್ತಕಗಳನ್ನು ಹರಡಿಕೊಂಡು ಕುಳಿತಿದ್ದೆ. ತಲೆಯೆತ್ತದೆಯೇ ಮಗನಿಗೆ, “ಹೋಗಿ ಮೋಟರ್ ಹಾಕಿ ಬಾರೋ” ಎಂದೆ.

ನನ್ನ ಪತ್ನಿ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಕತ್ತಲಲ್ಲಿ ಹುಡುಗನನ್ನು ಕಳಿಸಬೇಡಿ, ನಾಳೆ ನೋಡಿಕೊಂಡರಾಯಿತು” ಎಂದಳು. “ಅವನೇನು ಎಳೆಮಗುವೇ?” ಎಂದು ನಾನು ಗದರಿಸಿದೆ. ಅವಳು ಸುಮ್ಮನಾದಳು. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ಹೀಗೆ ಸುಮ್ಮನಾಗುವುದನ್ನು ನಾವು ಒಪ್ಪಿಗೆಯೆಂದು ಭಾವಿಸುತ್ತೇವೆ. ಅದು ಒಪ್ಪಿಗೆಯಲ್ಲ.

ಕೀಲಿಕೈ ಗೋಡೆಯ ಮೊಳೆಗೆ ತೂಗುಹಾಕಿತ್ತು. ಅದರ ಪಕ್ಕದ ಮೊಳೆಯಲ್ಲಿ, ಗಾಡಿ ಕೊಂಡ ದಿನ ಅಂಗಡಿಯವರು ಕೊಟ್ಟ ಹೆಲ್ಮೆಟ್ಟೂ ತೂಗುತ್ತಿತ್ತು. ಅದರೊಳಗೆ ಬಿತ್ತನೆಯ ಅವರೆಬೀಜದ ಗಂಟೊಂದನ್ನು ಇಟ್ಟಿದ್ದೆವು; ಇಲಿಗಳಿಗೆ ಎಟುಕುವುದಿಲ್ಲವೆಂದು. ಮಗ ಕೀಲಿಕೈಯನ್ನು ಮಾತ್ರ ತೆಗೆದುಕೊಂಡು ಹೊರಟ.

ಜಗಲಿಯ ಮೇಲೆ ನೆರೆಮನೆಯ ಹುಡುಗ ಕುಳಿತಿದ್ದ. ಎಸ್.ಎಸ್.ಎಲ್.ಸಿ. ಓದುತ್ತಿದ್ದವನು, ಹದಿನೈದು ವರ್ಷದವನು. ನಮ್ಮ ಮನೆಯಲ್ಲಿಯೇ ಉಂಡು, ಮಗನೊಡನೆ ಹರಟುತ್ತಿದ್ದ. ಅವನೂ ಹಿಂದೆ ಹತ್ತಿಕೊಂಡ. ನಾನು ಕಿಟಕಿಯಿಂದ ಅದನ್ನು ಕಂಡೆ. ಅವನ ತಾಯಿಗೆ ಒಂದು ಮಾತು ಹೇಳಿ ಹೋಗಲಿ ಎಂದೂ ನನಗೆ ತೋರಲಿಲ್ಲ.

ತೋಟಕ್ಕೆ ಹೋಗಿ ಮೋಟರು ಹಾಕಿದ್ದಾರೆ. ಹಿಂತಿರುಗುವಾಗ ಊರ ಹೊರಗಿನ ತಿರುವಿನಲ್ಲಿ ರಸ್ತೆಯ ಅರ್ಧಭಾಗದ ಮೇಲೆ ರಾಗಿಯ ತೆನೆಹುಲ್ಲು ಹರಡಿತ್ತು. ವಾಹನಗಳ ಗಾಲಿಯಿಂದಲೇ ಒಕ್ಕಣೆಯಾಗಲಿ ಎಂದು ನಮ್ಮ ಕಡೆಯ ರೈತರು ಟಾರು ರಸ್ತೆಯನ್ನೇ ಕಣವನ್ನಾಗಿ ಮಾಡಿಕೊಂಡಿರುವುದು ನಿಮಗೆಲ್ಲ ತಿಳಿದಿದೆ. ರಾಶಿ ಮಾಡಿದ ಕಾಳಿನ ಮೇಲೆ ಗಾಡಿ ಹರಿಯದಿರಲೆಂದು ಅಂಚಿಗೆ ದಪ್ಪ ಕಲ್ಲುಗಳನ್ನು ಇಡುತ್ತೇವೆ. ಕಾಳನ್ನು ಮನೆಗೆ ಸಾಗಿಸಿದ ಮೇಲೆ ಕಲ್ಲುಗಳನ್ನು ತೆಗೆಯಲು ಮರೆಯುತ್ತೇವೆ. ಗಾಡಿ ಹುಲ್ಲಿನ ಮೇಲೆ ಜಾರಿ ಕಲ್ಲಿಗೆ ಬಡಿಯಿತು. ಆ ಸಾಲಿನಲ್ಲಿ ನಾಲ್ಕೈದು ಮನೆಗಳವರು ಒಕ್ಕಣೆ ಮಾಡಿದ್ದೆವು. ಆ ಕಲ್ಲು ಯಾರದೆಂದು ಆಮೇಲೆ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ನಮ್ಮದೇ ಇದ್ದರೂ ಇದ್ದೀತು.

ನೆರೆಮನೆಯ ಹುಡುಗ ಬೆಂಗಳೂರು ಸೇರುವ ಮುನ್ನವೇ ದಾರಿಯಲ್ಲಿ ತೀರಿಕೊಂಡ. ನನ್ನ ಮಗ ಹನ್ನೊಂದು ದಿನ ಎಚ್ಚರವಿಲ್ಲದೆ ಮಲಗಿದ್ದು, ಬದುಕಿದ. ಈಗ ಅವನಿಗೆ ಇಪ್ಪತ್ತನಾಲ್ಕು ವರ್ಷ. ಬಲಗೈ ನಡುಗುತ್ತದೆ, ಲೇಖನಿ ಹಿಡಿಯಲಾರ. ಮಾತನಾಡುತ್ತಿರುವಾಗ ನಡುವೆ ಒಂದು ಪದವನ್ನು ಹುಡುಕುತ್ತ ನಿಂತುಬಿಡುತ್ತಾನೆ. ನಾವು ಆ ಪದವನ್ನು ಹೇಳಿಕೊಡಬಾರದು, ಅವನೇ ಹುಡುಕಿಕೊಳ್ಳಬೇಕು ಎಂದು ವೈದ್ಯರು ಹೇಳಿದ್ದಾರೆ. ಹಾಗೆ ಕಾಯುವುದು ಬಲು ಕಷ್ಟ.

ಪಟ್ಟಣದಲ್ಲಿ ಅಪಘಾತವೆಂಬುದು ವೃತ್ತಪತ್ರಿಕೆಯ ಸುದ್ದಿ. ಗಾಡಿ ಓಡಿಸಿದವನೊಬ್ಬ, ಸತ್ತವನು ಇನ್ನೊಬ್ಬ. ನ್ಯಾಯಾಲಯದ ಹೊರಗೆ ಅವರ ಮನೆಯವರು ಒಬ್ಬರನ್ನೊಬ್ಬರು ಕಾಣಬೇಕಾದ ಅಗತ್ಯವಿಲ್ಲ. ನೂರೈವತ್ತು ಮನೆಗಳ ನಮ್ಮಂಥ ಊರಿನಲ್ಲಿ ಹಾಗಲ್ಲ. ಸತ್ತ ಹುಡುಗನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವನ ತಾಯಿ ಒಂದು ತಿಂಗಳು ಸಂಘದ ಕಡೆಗೆ ಬರಲಿಲ್ಲ. ಅನಂತರ ಒಂದು ಸಂಜೆ ಹಾಲಿನ ಪಾತ್ರೆ ಹಿಡಿದು ಸಾಲಿನಲ್ಲಿ ನಿಂತರು. ನಾನು ಅಳೆದು, ಪುಸ್ತಕದಲ್ಲಿ ಬರೆದೆ. ಅವರು ಹೊರಡುವಾಗ, “ಅಣ್ಣಾ, ಆವತ್ತು ನನ್ನ ಮಗ ಉಂಡಿದ್ದನೇ?” ಎಂದು ಕೇಳಿದರು. “ಉಂಡಿದ್ದ ತಾಯಿ, ನಮ್ಮ ಮನೆಯಲ್ಲಿಯೇ” ಎಂದೆ. ಅವರು ಈ ವಿಷಯದಲ್ಲಿ ನನ್ನನ್ನು ಕೇಳಿದುದು ಅದೊಂದೇ ಪ್ರಶ್ನೆ. ದಿನಕ್ಕೆ ಎರಡು ಬಾರಿ ಅವರ ಹೆಸರನ್ನು ನಾನು ಪುಸ್ತಕದಲ್ಲಿ ಬರೆಯುತ್ತೇನೆ.

ಇದು ನನ್ನೊಬ್ಬನ ಮನೆಯ ಕಥೆಯಾಗಿದ್ದರೆ ನಿಮ್ಮ ಹೊತ್ತನ್ನು ಕೆಡಿಸುತ್ತಿರಲಿಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ನೆಯ ಒಂದು ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಇವರಲ್ಲಿ ನೂರಕ್ಕೆ 68 ಮಂದಿ ಸತ್ತದ್ದು ಗ್ರಾಮಾಂತರ ಪ್ರದೇಶಗಳಲ್ಲಿ. ಅಪಘಾತವೆಂಬುದು ಬೆಂಗಳೂರಿನ ಕಾಯಿಲೆ ಎಂದು ನಾವು ತಿಳಿದಿದ್ದೇವೆ. ಲೆಕ್ಕ ಹಾಗೆ ಹೇಳುವುದಿಲ್ಲ. ದ್ವಿಚಕ್ರ ವಾಹನಗಳಲ್ಲಿದ್ದು ಸತ್ತವರು 74,897 ಮಂದಿ. ಹೆಲ್ಮೆಟ್ಟು ಧರಿಸದೆ ಸತ್ತವರು 50,029 ಮಂದಿ. ಹದಿನೆಂಟು ತುಂಬದೆ ಸತ್ತವರು 9,528 ಮಂದಿ. ಎಂದರೆ ದಿನಕ್ಕೆ ಇಪ್ಪತ್ತಾರು ಮಕ್ಕಳು. ಐದು ವರ್ಷದಿಂದ ಇಪ್ಪತ್ತೊಂಬತ್ತು ವರ್ಷದವರೆಗಿನ ವಯಸ್ಸಿನಲ್ಲಿ ಸಾಯುವವರಿಗೆ ಯಾವ ರೋಗಕ್ಕಿಂತಲೂ ಹೆಚ್ಚಾಗಿ ರಸ್ತೆಯೇ ಮೃತ್ಯುವಾಗಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೂಸಿನ ಪ್ರಾಣಕ್ಕೆ ಎರವಾಗುತ್ತಿದ್ದ ರೋಗಗಳಿಗೆ ನಾವು ಚುಚ್ಚುಮದ್ದು ಹಾಕಿಸಿದೆವು. ಹದಿನಾರರಲ್ಲಿ ಬರುವ ಈ ಗಂಡಾಂತರವನ್ನು ಮಾತ್ರ ನಾವೇ ಮೊಳೆಯಿಂದ ತೆಗೆದು ಕೈಗೆ ಕೊಡುತ್ತೇವೆ.

ನಾವು ಏಕೆ ಕೊಡುತ್ತೇವೆ? ಹುಡುಗರು ಹಟ ಮಾಡುತ್ತಾರೆ, ಕಾಲ ಕೆಟ್ಟಿದೆ ಎಂದು ಹೇಳುವುದು ಸುಲಭ. ಸಂಘದ ಕಿಟಕಿಯಲ್ಲಿ ಕುಳಿತು ನಾನು ಬಹಳ ಕಾಲದಿಂದ ನೋಡುತ್ತ ಬಂದಿದ್ದೇನೆ. ಹಾಲಿನ ಕ್ಯಾನನ್ನು ತೊಡೆಗಳ ನಡುವೆ ಇಟ್ಟುಕೊಂಡು, ನಿಂತಾಗ ನೆಲಕ್ಕೆ ಪಾದ ಎಟುಕದೆ ಒಂದು ಕಡೆಗೆ ವಾಲಿ, ಹೆಬ್ಬೆರಳ ಮೇಲೆ ನಿಲ್ಲುವ ಹದಿಮೂರು ಹದಿನಾಲ್ಕರ ಹುಡುಗರು ಅಲ್ಲಿಗೆ ಬರುತ್ತಿದ್ದರು. ಅವರು ಹಟ ಮಾಡಿ ಬಂದವರಲ್ಲ. ನಾವು ಕಳುಹಿಸಿದುದರಿಂದ ಬಂದವರು. ಹಾಲು ಹಾಕಿ ಬಾ, ರಾಗಿ ಬೀಸಿಸಿಕೊಂಡು ಬಾ, ಬಸ್ಸು ಇಳಿಯುವ ಅಕ್ಕನನ್ನು ಕರೆದುಕೊಂಡು ಬಾ, ಅಂಗಡಿಯಿಂದ ಬೀಡಿಯ ಕಟ್ಟು ತಾ. ಮೊದಲು ನಮ್ಮ ಅನುಕೂಲಕ್ಕಾಗಿ ಗಾಡಿಯನ್ನು ಕೊಡುತ್ತೇವೆ. ಅವರು ತಮ್ಮ ಸಂತೋಷಕ್ಕಾಗಿ ಅದನ್ನು ಜಾತ್ರೆಗೆ ಒಯ್ದಾಗ ಬೈಯುತ್ತೇವೆ.

ಇನ್ನೊಂದು ಕಾರಣ ಹೆಮ್ಮೆ. “ನಮ್ಮ ಹುಡುಗ ಹನ್ನೆರಡರಲ್ಲಿಯೇ ಗಾಡಿ ಓಡಿಸುತ್ತಾನೆ” ಎಂದು ಬಂಧುಗಳೆದುರು ಹೇಳಿಕೊಂಡವರಲ್ಲಿ ನಾನೂ ಒಬ್ಬ. ಎಸ್.ಎಸ್.ಎಲ್.ಸಿ. ಪಾಸಾದರೆ ಬೈಕು ಕೊಡಿಸುವೆನೆಂದು ಮಾತು ಕೊಡುವ ತಂದೆಯರಿದ್ದಾರೆ. ಮೂರನೆಯದು ಭಯ. ಕೊಡದಿದ್ದರೆ ಹುಡುಗ ಊಟ ಬಿಟ್ಟಾನು, ಮನೆ ಬಿಟ್ಟಾನು, ಏನಾದರೂ ಮಾಡಿಕೊಂಡಾನು ಎಂಬ ಭಯ ತಾಯಂದಿರನ್ನು ಹಣ್ಣು ಮಾಡುತ್ತದೆ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹಾಗೆ ಬೆದರಿಸುವ ಹುಡುಗನಿದ್ದರೆ ಆ ಮಾತನ್ನು ಆರೋಗ್ಯ ಕೇಂದ್ರದ ವೈದ್ಯರಿಗೆ ತಿಳಿಸಬೇಕು. ಗಾಡಿ ಕೊಡಿಸುವುದು ಅದಕ್ಕೆ ಔಷಧವಲ್ಲ. ಎಲ್ಲಕ್ಕಿಂತ ದೊಡ್ಡ ಕಾರಣವೆಂದರೆ ಪಕ್ಕದ ಮನೆ. ಅವರು ಕೊಟ್ಟಿದ್ದಾರೆ, ನಾವು ಕೊಡದಿದ್ದರೆ ಹೇಗೆ? ನಾವು ಕೊಟ್ಟೆವೆಂದು ಮತ್ತೊಂದು ಮನೆಯವರು ಕೊಡುತ್ತಾರೆ. ಊರಿನಲ್ಲಿ ಮೊದಲು ಕೊಟ್ಟವನು ಯಾರೆಂದು ಕೇಳಿದರೆ ಯಾರಿಗೂ ನೆನಪಿಲ್ಲ.

ಹುಡುಗನಿಗೆ ಗಾಡಿ ಓಡಿಸಲು ಬರುತ್ತದೆಯಲ್ಲ ಎಂದು ನೀವು ಕೇಳಬಹುದು. ನಿಜ, ನನ್ನ ಮಗನಿಗೂ ಬರುತ್ತಿತ್ತು. ನನಗಿಂತ ಚೆನ್ನಾಗಿಯೇ ಬರುತ್ತಿತ್ತು. ಕ್ಲಚ್ಚು, ಗೇರು, ಬ್ರೇಕುಗಳನ್ನು ಕೈಕಾಲುಗಳು ಬೇಗ ಕಲಿಯುತ್ತವೆ. ಅಪಾಯವನ್ನು ಮುಂಚಿತವಾಗಿ ಕಂಡು ಮನಸ್ಸನ್ನು ತಡೆಹಿಡಿಯುವ ಮಿದುಳಿನ ಮುಂಭಾಗ ಪೂರ್ತಿಯಾಗಿ ಬಲಿಯುವುದು ಇಪ್ಪತ್ತೈದರ ಸುಮಾರಿಗೆ ಎಂದು ವೈದ್ಯರು ಹೇಳುತ್ತಾರೆ. ಅಷ್ಟರವರೆಗೆ ಹಿಂದೆ ಗೆಳೆಯನೊಬ್ಬ ಕುಳಿತರೆ ಸಾಕು, ಒಬ್ಬನೇ ಇದ್ದಾಗ ಮಾಡದ ಸಾಹಸವನ್ನು ಹುಡುಗ ಮಾಡುತ್ತಾನೆ. ಇದು ದುಷ್ಟತನವಲ್ಲ, ವಯಸ್ಸು. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರು ಮುಂದೆ ಹೋಗಿರುತ್ತದೆ. ಕಲ್ಲನ್ನು ಕಂಡು, ಕಂಡೆನೆಂದು ಅರಿತು, ಕಾಲು ಬ್ರೇಕಿನ ಮೇಲೆ ಬೀಳುವಷ್ಟರಲ್ಲಿ ಆ ಒಂದು ಸೆಕೆಂಡು ಮುಗಿದಿರುತ್ತದೆ. ವೇಗ ಎರಡರಷ್ಟಾದರೆ ಬಡಿತದ ಬಲ ನಾಲ್ಕರಷ್ಟಾಗುತ್ತದೆ. ತಲೆಬುರುಡೆ ಇದಕ್ಕಾಗಿ ಆದುದಲ್ಲ.

ಹೆಲ್ಮೆಟ್ಟಿನ ವಿಚಾರ. ಸರಿಯಾಗಿ ಧರಿಸಿದ ಹೆಲ್ಮೆಟ್ಟು ಸಾವಿನ ಸಂಭವವನ್ನು ನೂರಕ್ಕೆ 40ರಷ್ಟು, ತಲೆಯ ಪೆಟ್ಟನ್ನು ನೂರಕ್ಕೆ ಸುಮಾರು 70ರಷ್ಟು ಕಡಿಮೆ ಮಾಡುತ್ತದೆ. ಸರಿಯಾಗಿ ಎಂದರೆ ಐಎಸ್‌ಐ ಮುದ್ರೆಯುಳ್ಳದ್ದು, ತಲೆಯ ಅಳತೆಗೆ ತಕ್ಕದ್ದು, ಗದ್ದದ ಕೆಳಗೆ ಪಟ್ಟಿ ಬಿಗಿದದ್ದು. ಪಟ್ಟಿ ಬಿಗಿಯದ ಹೆಲ್ಮೆಟ್ಟು ಬೀಳುವಾಗ ತಲೆಗಿಂತ ಮೊದಲೇ ಹಾರಿಹೋಗುತ್ತದೆ. ಹಿಂದೆ ಕುಳಿತವರಿಗೂ ಅದು ಬೇಕು. ಗಂಡ ಹೆಲ್ಮೆಟ್ಟು ಹಾಕಿಕೊಂಡು, ಹೆಂಡತಿ ಬರಿದಲೆಯಲ್ಲಿ ಕೂಸನ್ನೆತ್ತಿ ಹಿಂದೆ ಕುಳಿತು, ಸೆರಗು ಗಾಲಿಯ ಕಡೆಗೆ ಹಾರುತ್ತಿರುವುದನ್ನು ದಿನವೂ ನೋಡುತ್ತೇವೆ. ಇಂದು ಈ ಸಭೆಗೂ ಹಾಗೆಯೇ ಕೆಲವರು ಬಂದಿರಿ. ಹೊರಗೆ ನಿಂತಿರುವ ಗಾಡಿಗಳನ್ನು ನಾನು ನೋಡಿಯೇ ಒಳಗೆ ಬಂದೆ.

ಈಗ ಕಾನೂನಿನ ಮಾತು. ಮೋಟಾರು ವಾಹನಗಳ ಕಾಯಿದೆಯಂತೆ ಹದಿನೆಂಟು ವರ್ಷ ತುಂಬದೆ ಯಾರೂ ರಸ್ತೆಯಲ್ಲಿ ಮೋಟಾರು ವಾಹನವನ್ನು ಓಡಿಸತಕ್ಕದ್ದಲ್ಲ. ಹದಿನಾರಕ್ಕೆ ಮೊಪೆಡ್ಡಿಗೆ ಲೈಸೆನ್ಸು ಸಿಗುತ್ತದೆಯಂತೆ ಎಂದು ಕೆಲವರು ಹೇಳುವುದುಂಟು. ಆ ಅವಕಾಶ 50 ಸಿಸಿಗೆ ಮೀರದ ಗಾಡಿಗಳಿಗೆ ಮಾತ್ರ. ನಾವು ಎಕ್ಸ್‌ಎಲ್ ಎಂದು ಕರೆದು ಹಾಲಿಗೂ ಹುಲ್ಲಿಗೂ ಬಳಸುವ ಗಾಡಿ ಈಗ 100 ಸಿಸಿಯದು. ಅದನ್ನು ಹದಿನಾರರ ಹುಡುಗನ ಕೈಗೆ ಕೊಡುವಂತಿಲ್ಲ. 2019ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ, ಅಪ್ರಾಪ್ತ ವಯಸ್ಕನು ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕರನ್ನು ಅಥವಾ ಗಾಡಿಯ ಮಾಲೀಕನನ್ನೇ ಅಪರಾಧಿಯೆಂದು ಎಣಿಸುವ ನಿಯಮ ಬಂದಿದೆ. ಮೂರು ವರ್ಷದವರೆಗೆ ಸಜೆ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಹುಡುಗನಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಲೈಸೆನ್ಸು ಇಲ್ಲ. ನನಗೆ ಗೊತ್ತಿಲ್ಲದೆ ಒಯ್ದ ಎಂದರೆ ಅದನ್ನು ಸಿದ್ಧಪಡಿಸುವ ಹೊಣೆ ನಮ್ಮದೇ.

ನನ್ನ ಪ್ರಕರಣ ಅದಕ್ಕೆ ಹಿಂದಿನದು. ಆಗ ಕೀಲಿಕೈ ಕೊಟ್ಟವನಿಗಿದ್ದ ದಂಡ ಹೆಚ್ಚೆಂದರೆ ಸಾವಿರ ರೂಪಾಯಿ. ಆದರೆ ಹಣದ ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. ಸತ್ತ ಹುಡುಗನ ತಂದೆ ಪರಿಹಾರ ಕೇಳಿದರು, ಕೇಳಿದುದು ನ್ಯಾಯವೇ. ಓಡಿಸಿದವನಿಗೆ ಲೈಸೆನ್ಸು ಇಲ್ಲದಿದ್ದಾಗ ವಿಮೆಯವರು ಹಣ ಕೊಟ್ಟರೂ ಅದನ್ನು ಮಾಲೀಕನಿಂದ ಮರಳಿ ವಸೂಲು ಮಾಡುವ ಅವಕಾಶವುಂಟು, ನನ್ನಿಂದ ಮಾಡಿದರು. ಯಾವ ತೋಟಕ್ಕೆ ನೀರು ಹಾಯಿಸಲೆಂದು ಮಗನನ್ನು ಕಳುಹಿಸಿದೆನೋ ಆ ತೋಟದ ಅರ್ಧವನ್ನು ಮಾರಿ ತೀರಿಸಿದೆ.

ಆ ರಾತ್ರಿಯ ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಮಕ್ಕಳು ಬಿದ್ದ ಜಾಗಕ್ಕೆ ಮೊದಲು ಬಂದವರು ಗಾಡಿ ನಿಲ್ಲಿಸಿ ದೂರದಲ್ಲಿಯೇ ನಿಂತಿದ್ದರಂತೆ. ಮುಟ್ಟಿದರೆ ಪೊಲೀಸು, ಕೇಸು, ಕೋರ್ಟು ಎಂಬ ಅಂಜಿಕೆ. ಅನಂತರ ಬಂದವರು ಅಂಜದೆ ಸಹಾಯ ಮಾಡಿದರು. ಆದರೆ ಹೇಗೆ ಮಾಡಬೇಕೆಂದು ಅವರಿಗೆ ತಿಳಿದಿರಲಿಲ್ಲ. ಕೈಕಾಲು ಹಿಡಿದು ಎತ್ತಿ, ಬಾಯಿಗೆ ನೀರು ಹಾಕಿ, ಸಾಮಾನು ಸಾಗಿಸುವ ಟೆಂಪೋದಲ್ಲಿ ಮಲಗಿಸಿದರು. ಅವರನ್ನು ನಾನು ದೂರುವುದಿಲ್ಲ. ಅವರು ನಿಲ್ಲಿಸದಿದ್ದರೆ ನನ್ನ ಮಗನೂ ಉಳಿಯುತ್ತಿರಲಿಲ್ಲ. ನಿಮ್ಮ ಕಣ್ಣೆದುರು ಇಂಥದು ನಡೆದರೆ ಏನು ಮಾಡಬೇಕೆಂಬುದನ್ನು ಇಲ್ಲಿನ ವೈದ್ಯರಿಂದ ಕೇಳಿ ಕಲಿತುಕೊಂಡಿದ್ದೇನೆ, ಅದನ್ನೇ ಹೇಳುತ್ತೇನೆ.

ಮೊದಲು 108ಕ್ಕೆ ಕರೆ ಮಾಡಬೇಕು. 2008ರಿಂದ ನಮ್ಮ ರಾಜ್ಯದಲ್ಲಿರುವ ಈ ಆಂಬುಲೆನ್ಸಿಗೆ ಹಣ ಕೊಡಬೇಕಾಗಿಲ್ಲ. ಊರಿನ ಹೆಸರಿನೊಡನೆ ಹತ್ತಿರದ ಗುರುತನ್ನೂ ಹೇಳಬೇಕು; ಒಂದೇ ಹೆಸರಿನ ಹಳ್ಳಿಗಳು ಒಂದು ತಾಲ್ಲೂಕಿನಲ್ಲಿಯೇ ಎರಡು ಮೂರು ಇರುತ್ತವೆ. ಆ ಎರಡೂ ಕಡೆಯಿಂದ ಬರುವ ವಾಹನಗಳನ್ನು ಯಾರಾದರೂ ನಿಂತು ತಡೆಯಬೇಕು. ರಕ್ತ ಸುರಿಯುತ್ತಿದ್ದರೆ ಶುಚಿಯಾದ ಬಟ್ಟೆಯನ್ನು ಗಾಯದ ಮೇಲಿಟ್ಟು ಬಿಡದೆ ಒತ್ತಿ ಹಿಡಿಯಬೇಕು. ಅರಿಶಿನ, ಕಾಫಿಪುಡಿ, ಸುಣ್ಣ ತುಂಬಬಾರದು. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಬಾರದು. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಕತ್ತು ಅಲುಗದಂತೆ ನೋಡಿಕೊಳ್ಳಬೇಕು. ಬೆಂಕಿಯೋ ಮತ್ತೊಂದು ವಾಹನವೋ ಮೇಲೆ ಬರುವ ಭಯವಿಲ್ಲದಿದ್ದರೆ ಅಲ್ಲಿಂದ ಎಳೆಯಬಾರದು. ಎಳೆಯಲೇಬೇಕಾದರೆ ತಲೆ, ಕತ್ತು, ಬೆನ್ನು ಒಂದೇ ನೇರದಲ್ಲಿರುವಂತೆ ಮೂರು ನಾಲ್ಕು ಜನ ಕೂಡಿ ಎತ್ತಬೇಕು.

ಬಿದ್ದ ಹುಡುಗ ಎದ್ದು ನಿಂತು, ಏನೂ ಆಗಿಲ್ಲ ಎಂದು ಮಣ್ಣು ಕೊಡವಿಕೊಂಡನೆಂದು ಸುಮ್ಮನಿರಬೇಡಿ. ತಲೆಯೊಳಗೆ ರಕ್ತ ನಿಧಾನವಾಗಿ ಸೇರುವುದುಂಟು. ಮತ್ತೆ ಮತ್ತೆ ವಾಂತಿ, ಹೆಚ್ಚುವ ತಲೆನೋವು, ಅಸಹಜವಾದ ನಿದ್ದೆ, ತೊದಲು ಮಾತು, ಸೆಳವು, ಕಿವಿ ಮೂಗುಗಳಿಂದ ರಕ್ತವೋ ನೀರಿನಂಥ ದ್ರವವೋ ಸೋರುವುದು, ಇವುಗಳಲ್ಲಿ ಯಾವುದನ್ನು ಕಂಡರೂ ಆ ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು. ಮನೆಯಲ್ಲಿ ಬೈಯುತ್ತಾರೆಂದು ಹುಡುಗರು ಬಿದ್ದುದನ್ನೇ ಮುಚ್ಚಿಡುತ್ತಾರೆ. ಬಿದ್ದು ಬಂದು ಹೇಳಿದವನನ್ನು ಆ ರಾತ್ರಿ ಬೈಯಬೇಡಿ.

ಪೊಲೀಸಿನ ಅಂಜಿಕೆಯನ್ನು ಬಿಡಿ. ಅಪಘಾತದಲ್ಲಿ ಸಿಕ್ಕವರಿಗೆ ಸಹಾಯ ಮಾಡಿದವರನ್ನು ಹೆಸರು ಹೇಳೆಂದೋ ಸಾಕ್ಷಿ ಹೇಳೆಂದೋ ಬಲವಂತಪಡಿಸಬಾರದೆಂದು 2016ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದ ನಿಯಮಗಳಿವೆ. 2019ರ ತಿದ್ದುಪಡಿಯಲ್ಲಿ ಅವರ ರಕ್ಷಣೆ ಕಾಯಿದೆಯಲ್ಲಿಯೇ ಸೇರಿದೆ. ನಮ್ಮ ಜಿಲ್ಲೆಯ ಗುಬ್ಬಿಯ ಕಡೆಯ ಹರೀಶ್ ಎಂಬ ತರುಣನ ಹೆಸರನ್ನು ನೀವು ಕೇಳಿರಬಹುದು. 2016ರ ಫೆಬ್ರವರಿಯಲ್ಲಿ, ಊರಿನಲ್ಲಿ ಪಂಚಾಯಿತಿ ಚುನಾವಣೆಯ ಮತ ಹಾಕಿ ಬೈಕಿನಲ್ಲಿ ಬೆಂಗಳೂರಿಗೆ ಮರಳುವಾಗ, ನೆಲಮಂಗಲದ ಬಳಿ ಲಾರಿಗೆ ಸಿಕ್ಕಿದರು. ದೇಹ ಛಿದ್ರವಾಗಿದ್ದಾಗಲೂ ತನ್ನ ಅಂಗಗಳನ್ನು ದಾನ ಮಾಡಿ ಎಂದರು. ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ಅದೇ ವರ್ಷ ಅಪಘಾತದ ಗಾಯಾಳುಗಳ ತುರ್ತು ಚಿಕಿತ್ಸೆಗಾಗಿ ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ ಯೋಜನೆಯನ್ನು ಆರಂಭಿಸಿತು. 2025ರ ಮೇ ತಿಂಗಳಿನಲ್ಲಿ ಕೇಂದ್ರ ಸರ್ಕಾರವೂ ಒಂದು ಯೋಜನೆಯನ್ನು ಪ್ರಕಟಿಸಿದೆ. ಅದರಂತೆ ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿಗಳವರೆಗೆ ನಗದಿಲ್ಲದೆ ಚಿಕಿತ್ಸೆ ದೊರೆಯತಕ್ಕದ್ದು. ಹಣವಿಲ್ಲವೆಂದು ರಾತ್ರಿಯಲ್ಲಿ ಸಾಲ ಹುಡುಕುತ್ತ ಹೊತ್ತು ಕಳೆಯಬೇಡಿ.

ಅಪಘಾತವಾದ ಮರುವರ್ಷ, 2018ರಲ್ಲಿ, ನಮ್ಮ ಸಂಘದ ವಾರ್ಷಿಕ ಸಭೆಯಲ್ಲಿ ಒಂದು ಠರಾವು ಮಾಡಿದೆವು. ಹದಿನೆಂಟು ತುಂಬದವರು ಬೈಕಿನಲ್ಲಿ ತಂದ ಹಾಲನ್ನು ಅಳೆದುಕೊಳ್ಳುವುದಿಲ್ಲ. ಸಭೆಯಲ್ಲಿ ಅದನ್ನು ಮಂಡಿಸಲು ನಾನು ಎದ್ದು ನಿಂತಾಗ, “ಇವನಿಗೇನು ಹಕ್ಕು?” ಎಂದು ಹಿಂದಿನಿಂದ ಒಬ್ಬರು ಅಂದರು. ಅಂದುದರಲ್ಲಿ ತಪ್ಪಿರಲಿಲ್ಲ. ಆಗ ಸತ್ತ ಹುಡುಗನ ತಂದೆಯೇ ಎದ್ದು, “ಅವನಿಗಲ್ಲದೆ ಇನ್ನಾರಿಗೆ?” ಎಂದರು. ಠರಾವು ಅಂಗೀಕಾರವಾಯಿತು. ಅವರು ನನ್ನೊಡನೆ ಅದಕ್ಕೆ ಮೊದಲು ಒಂದು ವರ್ಷ ಮಾತನಾಡಿರಲಿಲ್ಲ.

ಠರಾವು ಮಾಡುವುದು ಸುಲಭ. ಮೂರನೆಯ ದಿನ ಒಬ್ಬ ವಿಧವೆ ಬಂದು ನನ್ನೆದುರು ನಿಂತರು. ಎರಡು ಹಸು, ಎರಡು ಕಿಲೋಮೀಟರು ದೂರದ ತೋಟದ ಮನೆ, ಹದಿನೈದರ ಒಬ್ಬನೇ ಮಗ. ಗಾಡಿಯಿಲ್ಲದೆ ಇಪ್ಪತ್ತು ಲೀಟರು ಹಾಲನ್ನು ಹೇಗೆ ತರಲಿ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಒಂದು ವಾರ ನಾನೇ ಹೋಗಿ ತಂದೆ. ಆಮೇಲೆ ಆ ದಿಕ್ಕಿನ ಏಳು ಮನೆಗಳವರು ಕೂಡಿ, ಲಗೇಜು ಆಟೋ ಇರುವ ಒಬ್ಬರಿಗೆ ಲೀಟರಿನ ಮೇಲೆ ಇಷ್ಟೆಂದು ಗೊತ್ತುಮಾಡಿ ಕ್ಯಾನುಗಳನ್ನು ಕಳುಹಿಸಲು ತೊಡಗಿದರು. ಮಗ ಸೈಕಲ್ಲಿನಲ್ಲಿ ಶಾಲೆಗೆ ಹೋದ. ಸರ್ಕಾರ 2006–07ರಿಂದ ಹಲವು ವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್ಲುಗಳು ನಮ್ಮ ಕೊಟ್ಟಿಗೆಗಳಲ್ಲಿ ತುಕ್ಕು ಹಿಡಿಯುತ್ತಿದ್ದವು. ನನ್ನ ಮಗನದೂ ಅಲ್ಲಿಯೇ ಇತ್ತು. ಟೈರು ಬದಲಿಸಿ ಆ ಹುಡುಗನಿಗೆ ಕೊಟ್ಟೆವು.

ರಸ್ತೆಯ ಮೇಲಿನ ಒಕ್ಕಣೆ ಇಂದಿಗೂ ಪೂರ್ತಿಯಾಗಿ ನಿಂತಿಲ್ಲ. ಹಳೆಯ ಕಣಗಳನ್ನೆಲ್ಲ ಉತ್ತು ತೋಟ ಮಾಡಿದ್ದೇವೆ, ರೋಣಗಲ್ಲುಗಳು ಬಾಗಿಲ ಮುಂದೆ ಕುಳಿತುಕೊಳ್ಳುವ ಕಲ್ಲುಗಳಾಗಿವೆ. ಯಂತ್ರದಲ್ಲಿ ಒಕ್ಕಿಸುವವರು ಹೆಚ್ಚಾಗಿದ್ದಾರೆ. ಬಾಡಿಗೆ ಕೊಡಲಾರದವರು ಈಗಲೂ ರಸ್ತೆಗೆ ತರುತ್ತಾರೆ. ಕಲ್ಲುಗಳನ್ನು ಮಾತ್ರ ಇಡಲು ನಾವು ಬಿಡುವುದಿಲ್ಲ. ಸುಗ್ಗಿಯ ದಿನಗಳಲ್ಲಿ ರಾತ್ರಿ ಹಾಲು ಕಳುಹಿಸಿದ ಮೇಲೆ ನಾನು ಟಾರ್ಚು ಹಿಡಿದು ಆ ತಿರುವಿನವರೆಗೆ ಹೋಗಿ ಬರುತ್ತೇನೆ. ಟ್ರ್ಯಾಕ್ಟರಿನ ಟ್ರೇಲರುಗಳ ಹಿಂಭಾಗಕ್ಕೆ ಬೆಳಕು ಬಿದ್ದಾಗ ಹೊಳೆಯುವ ಕೆಂಪು ಪಟ್ಟಿ ಅಂಟಿಸಬೇಕೆಂಬುದನ್ನು ಕೆಲವರು ಒಪ್ಪಿದ್ದಾರೆ, ಕೆಲವರು ನಾಳೆ ನಾಳೆ ಎನ್ನುತ್ತಿದ್ದಾರೆ.

ನಮ್ಮ ಮನೆಯಲ್ಲಿ ಈಗ ಕೀಲಿಕೈ ಗೋಡೆಯ ಮೇಲೆ ಇಲ್ಲ. ನನ್ನ ಪತ್ನಿಯ ಸೆರಗಿನ ಗಂಟಿನಲ್ಲಿದೆ. ನನಗೆ ಬೇಕಾದರೂ ಎಲ್ಲಿಗೆ, ಏಕೆ ಎಂದು ಹೇಳಿ ಕೇಳಬೇಕು. ರಾತ್ರಿ ಹೊತ್ತು ಕೇಳಿದರೆ ಬಹುಮಟ್ಟಿಗೆ ಕೊಡುವುದಿಲ್ಲ. ನೆಂಟರು ನಗುತ್ತಾರೆ, ನಗಲಿ. ನಿಮ್ಮ ಮನೆಯಲ್ಲಿ ಅದು ಯಾರ ಬಳಿ ಇರಬೇಕೆಂಬುದನ್ನು ನೀವಿಬ್ಬರೇ ಕುಳಿತು ತೀರ್ಮಾನಿಸಬೇಕು. ಎಷ್ಟು ಮಕ್ಕಳು ಬೇಕೆಂಬುದನ್ನು ಇಬ್ಬರೂ ಕೂಡಿ ಮಾತನಾಡಿ ತೀರ್ಮಾನಿಸಿರೆಂದು ಈ ಕೇಂದ್ರದವರು ನಿಮಗೆ ಹೇಳುತ್ತ ಬಂದಿದ್ದಾರೆ. ಇದೂ ಅಂಥದೇ ಮಾತು. ಒಬ್ಬರು ಬೇಡವೆಂದರೆ ಇನ್ನೊಬ್ಬರು ಹುಡುಗನ ಎದುರಿಗೆ ಅದನ್ನು ಮುರಿಯಬಾರದು. ನಾನು ಮುರಿದೆ.

ಹೆಚ್ಚು ಹೊತ್ತು ಮಾತನಾಡಿದೆ. ಕೇಳಬೇಕಾದುದು ಏನಾದರೂ ಇದ್ದರೆ ಈಗ ಕೇಳಿ. ಐದೂವರೆಗೆ ನಾನು ಸಂಘದ ಬಾಗಿಲು ತೆರೆಯಬೇಕು. ಹಾಲು ಹಿಡಿದು ಬಂದವರು ಕಾಯುತ್ತಿರುತ್ತಾರೆ. ನನ್ನ ಮಗ ಹೊರಗೆ ಬೇವಿನ ಮರದ ಕೆಳಗೆ ಕುಳಿತಿದ್ದಾನೆ. ಅವನೊಡನೆಯೂ ಮಾತನಾಡಬಹುದು. ಅವನಿಗೆ ಸ್ವಲ್ಪ ಸಮಯ ಕೊಡಿ.